ಮೊಮ್ಮಗ ಹೇಳಿದ ‘ಬಮ್ಮರ್’: ಬೈಗುಳವೋ, ಬೇಜಾರೋ?

ಪ್ರಶ್ನೆ: ಮಗಳ ಮನೆ ಅಮೆರಿಕದ ಟೆಕ್ಸಸ್‌ನಲ್ಲಿದೆ. ಈ ಬೇಸಿಗೆಯಲ್ಲಿ ಹೊರಡುವುದೆಂದು ಎಲ್ಲ ತಯಾರಾಗಿತ್ತು. ಅಷ್ಟರಲ್ಲಿ ಮೊಣಕಾಲು ಬಾತುಕೊಂಡು, ಡಾಕ್ಟರು ಪ್ರಯಾಣವೇ ಬೇಡ ಎಂದರು. ವಿಡಿಯೊ ಕರೆಯಲ್ಲಿ ಈ ವಿಷಯ ಹೇಳಿದಾಗ ಮೊಮ್ಮಗ ‘ಬಮ್ಮರ್, ತಾತಾ’ ಎಂದ. ಅಳಿಯಂದಿರು ಪಕ್ಕದಲ್ಲಿದ್ದ ಯಾರಿಗೋ ನನಗೆ ‘ಬಮ್ ನೀ’ ಇದೆ ಎಂದು ಹೇಳಿದ್ದೂ ಕೇಳಿಸಿತು. ಮನೆಯಲ್ಲಿದ್ದ ಹಳೆಯ ನಿಘಂಟು ತೆಗೆದು ನೋಡಿದರೆ ‘ಬಮ್’ ಎಂದರೆ ಕುಂಡೆ, ‘ಬಮ್ಮರ್’ ಎಂದರೆ ಸೋಮಾರಿ, ತಿರುಪೆಯವನು ಎಂದಿದೆ. ಹುಡುಗ ಹಾಗೆಲ್ಲ ಮಾತಾಡುವವನಲ್ಲ. ಈ ಪದದ ಸರಿಯಾದ ಅರ್ಥವೇನು? ಎಲ್ಲಿಂದ ಬಂತು? (ಸಾಗರದಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಮೊಮ್ಮಗ ನಿಮ್ಮನ್ನು ಏನೂ ಅಂದಿಲ್ಲ. ನೀವು ಬರುವುದು ತಪ್ಪಿತಲ್ಲ, ಆ ಸುದ್ದಿಯನ್ನು ಅಂದಿದ್ದಾನೆ. ಇವತ್ತಿನ ಅಮೆರಿಕದ ಆಡುಮಾತಿನಲ್ಲಿ ‘ಬಮ್ಮರ್’ ಎಂದರೆ ನಿರಾಸೆ ತಂದ ಸಂಗತಿ, ಆಸೆಪಟ್ಟದ್ದು ಕೈತಪ್ಪಿದ ಬೇಜಾರು. ನಮ್ಮ ಹುಡುಗರು ‘ಛೇ, ಹೌದಾ ತಾತಾ?’ ಎಂದು ಮುಖ ಸಣ್ಣದು ಮಾಡಿಕೊಳ್ಳುವಾಗ ಅಲ್ಲಿಯ ಹುಡುಗರ ಬಾಯಿಗೆ ಬರುವ ಮಾತು ಅದು. ‘ಬಮ್ಮರ್’ ಆದಮೇಲೆ ಬಂದ ‘ತಾತಾ’ ನಿಮ್ಮನ್ನು ಕರೆದದ್ದು, ನಿಮಗೆ ಹೆಸರಿಟ್ಟದ್ದಲ್ಲ. ಅಳಿಯಂದಿರು ಹೇಳಿದ ‘ಬಮ್ ನೀ’ಗೆ ಕೈಕೊಟ್ಟ ಮೊಣಕಾಲು ಎಂದಷ್ಟೇ ಅರ್ಥ. ಗೇಲಿಯೇನೂ ಇಲ್ಲ.

ಹಾಗಂತ ನಿಮ್ಮ ನಿಘಂಟು ಸುಳ್ಳು ಹೇಳುತ್ತಿಲ್ಲ. ಅದರಲ್ಲಿರುವ ಅರ್ಥಗಳೆಲ್ಲ ನಿಜವೇ. ಬೇರೆ ಬೇರೆ ಮೂಲದ ಎರಡು ಪದಗಳು ಇಂಗ್ಲಿಷಿನಲ್ಲಿ ಒಂದೇ ರೂಪ ತಳೆದು ಕೂತಿವೆ. ಜೊತೆಗೆ, ನಿಮ್ಮ ಮೊಮ್ಮಗ ಬಳಸಿದ ಅರ್ಥ ಚಾಲ್ತಿಗೆ ಬಂದದ್ದೇ 1960ರ ದಶಕದಲ್ಲಿ. ಅದಕ್ಕೂ ಹಿಂದೆ ಅಚ್ಚಾದ ನಿಘಂಟಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ.

ನಿಮಗೆ ಮುಜುಗರ ತಂದ ಅರ್ಥವನ್ನು ಮೊದಲು ಮುಗಿಸೋಣ. ಕುಂಡೆ ಎಂಬರ್ಥದ ‘ಬಮ್’ ಇಂಗ್ಲೆಂಡಿನ ಹಳೆಯ ಪದ, 14ನೇ ಶತಮಾನದಿಂದಲೇ ಬರಹದಲ್ಲಿದೆ. ಶೇಕ್ಸ್‌ಪಿಯರನ ನಾಟಕವೊಂದರಲ್ಲಿ ಪಕ್ ಎಂಬ ತುಂಟ ಯಕ್ಷ ತನ್ನ ಚೇಷ್ಟೆಗಳನ್ನು ಹೇಳಿಕೊಳ್ಳುತ್ತಾನೆ: ದುಃಖದ ಕಥೆ ಹೇಳುತ್ತಿರುವ ಮುದುಕಿ ತನ್ನನ್ನೇ ಮೂರು ಕಾಲಿನ ಮಣೆಯೆಂದುಕೊಂಡು ಕೂರಲು ಬಂದಾಗ, ಅವಳ ‘ಬಮ್’ನ ಅಡಿಯಿಂದ ಜಾರಿಕೊಂಡು ಅವಳನ್ನು ಬೀಳಿಸುತ್ತಾನಂತೆ. ಬ್ರಿಟನ್ನಿನಲ್ಲಿ ಇವತ್ತಿಗೂ ಮಕ್ಕಳ ಮುಂದೆ ಆಡುವಷ್ಟು ಸಾಧುವಾದ, ಆದರೆ ಸಭೆಯಲ್ಲಿ ಆಡದ ಪದ ಅದು. ನಮ್ಮ ಹಳೆಯ ಇಂಗ್ಲಿಷ್–ಕನ್ನಡ ನಿಘಂಟುಗಳು ಬಹುಮಟ್ಟಿಗೆ ಬ್ರಿಟಿಷ್ ಇಂಗ್ಲಿಷನ್ನೇ ಹಿಡಿದು ನಡೆದವು. ಹಾಗಾಗಿ ನಿಮಗೆ ಮೊದಲು ಕಣ್ಣಿಗೆ ಬಿದ್ದದ್ದು ಇದೇ ಅರ್ಥ. ನಿಮ್ಮ ಮೊಮ್ಮಗನ ಪದದ ಬೇರು ಬಹುಮಟ್ಟಿಗೆ ಬೇರೆ ಕಡೆ, ಜರ್ಮನಿಯಲ್ಲಿದೆ.

ಜರ್ಮನಿನಲ್ಲಿ ‘ಬುಮೆಲ್ನ್’ ಎಂಬ ಕ್ರಿಯಾಪದವಿದೆ. ಆತುರವಿಲ್ಲದೆ ನಡೆಯುವುದು, ಸುತ್ತುವುದು, ಹೊತ್ತು ಕಳೆಯುವುದು ಎಂದೆಲ್ಲ ಅರ್ಥ. ಜರ್ಮನ್ ವ್ಯುತ್ಪತ್ತಿಗಳನ್ನು ಕೂಡಿಸಿದ ಫ್ರೀಡ್ರಿಷ್ ಕ್ಲೂಗೆ ಪ್ರಕಾರ ಅದರ ಮೊದಲ ಅರ್ಥ ಅತ್ತಿಂದಿತ್ತ ಓಲಾಡುವುದು. ಗಂಟೆಯ ನಾಲಗೆ ಓಲಾಡುವಂತೆ ಮನುಷ್ಯ ಬೀದಿಯಲ್ಲಿ ಹೋಗಿ ಬಂದು, ಹೋಗಿ ಬಂದು ಮಾಡಿದರೆ ಅದು ಕೆಲಸವಿಲ್ಲದ ಓಡಾಟ. ಅಲ್ಲಿಂದ ಸೋಮಾರಿತನದ ಅರ್ಥ. ಹಾಗೆ ತಿರುಗುವವನು ‘ಬುಮ್ಲರ್’. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ಪದದ ಸಂಸಾರ ಚೆನ್ನಾಗಿ ಗೊತ್ತಿರುತ್ತದೆ: ಪೇಟೆ ಸುತ್ತಲು ಹೋಗುವುದು ‘ಷ್ಟಾಟ್‌ಬುಮೆಲ್’, ಸಿಕ್ಕ ಸಿಕ್ಕ ನಿಲ್ದಾಣದಲ್ಲೆಲ್ಲ ನಿಲ್ಲುವ ಪ್ಯಾಸೆಂಜರ್ ಗಾಡಿ ‘ಬುಮೆಲ್‌ತ್ಸುಗ್’, ಕೆಲಸಕ್ಕೆ ಬಂದೂ ಬೇಕೆಂದೇ ನಿಧಾನ ಮಾಡುವ ಮುಷ್ಕರ ‘ಬುಮೆಲ್‌ಷ್ಟ್ರೈಕ್’. ಇವುಗಳಲ್ಲಿ ಯಾವುದರಲ್ಲೂ ಕಹಿ ಇಲ್ಲ. ಬುಮ್ಲರ್‌ಗೆ ನಾನು ಕನ್ನಡದಲ್ಲಿ ಹುಡುಕುವ ಜೋಡಿ ‘ಉಂಡಾಡಿ’. ಉಂಡು ಆಡಿಕೊಂಡಿರುವವನನ್ನು ಮನೆಯವರು ಗದರಿಸುವ ಪದ ಅದು, ಹೊರಹಾಕುವ ಪದವಲ್ಲ.

ಈ ಉಂಡಾಡಿ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಅರಸರ ವಿರುದ್ಧ ಎದ್ದ 1848ರ ಕ್ರಾಂತಿ ಸೋತ ಮೇಲೆ ಮತ್ತು ಅದರ ಹಿಂದುಮುಂದಿನ ಬೆಳೆನಷ್ಟದ ವರ್ಷಗಳಲ್ಲಿ ಜರ್ಮನ್ ನಾಡುಗಳಿಂದ ಜನ ದೊಡ್ಡ ಸಂಖ್ಯೆಯಲ್ಲಿ ಗುಳೆ ಹೊರಟರು. 1854 ಒಂದೇ ವರ್ಷದಲ್ಲಿ ಅಮೆರಿಕಕ್ಕೆ ಬಂದಿಳಿದ ಜರ್ಮನರು ಎರಡು ಲಕ್ಷಕ್ಕೂ ಹೆಚ್ಚು. ಸಿನ್ಸಿನಾಟಿ, ಮಿಲ್ವಾಕಿ, ಸೇಂಟ್ ಲೂಯಿಗಳಲ್ಲಿ ಓಣಿಗೆ ಓಣಿಯೇ ಜರ್ಮನ್ ಮಾತಾಡುತ್ತಿತ್ತು. ಕಿಂಡರ್‌ಗಾರ್ಟನ್ ಎಂಬ ಪದವೂ, ಆ ಬಗೆಯ ಶಾಲೆಯೂ ಅಮೆರಿಕಕ್ಕೆ ಬಂದದ್ದು ಇದೇ ಜನರ ಕೈಯಲ್ಲಿ; ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ 1856ರಲ್ಲಿ ಮಾರ್ಗರೆಟೆ ಷುರ್ಟ್ಸ್ ಮೊದಲನೆಯದನ್ನು ತೆರೆದರು. ನಮ್ಮ ಬೀದಿ ಜಗಳಗಳಲ್ಲಿ ಇಂದಿಗೂ ಕೇಳುವ ‘ಲೋಫರ್’ ಕೂಡ ಜರ್ಮನಿನ ‘ಲಾಂಡ್‌ಲಾಯ್ಫರ್’, ಅಂದರೆ ಊರೂರು ಅಲೆಯುವವನು, ಎಂಬುದರಿಂದ ಅಮೆರಿಕದಲ್ಲಿ ಹುಟ್ಟಿರಬೇಕೆಂದು ಹಲವು ನಿಘಂಟುಕಾರರು ಊಹಿಸುತ್ತಾರೆ. ‘ಬಮ್ಮರ್’ ಅಮೆರಿಕದ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1855ರ ಸುಮಾರಿಗೆ. ಅರ್ಥ: ದುಡಿಯದೆ, ಕಂಡವರ ಬಳಿ ಕೈಯೊಡ್ಡಿ ದಿನ ದೂಡುವವನು. ತವರಿನಲ್ಲಿ ಗದರಿಕೆಯಷ್ಟೇ ಆಗಿದ್ದ ಪದ ಇಲ್ಲಿ ಬೈಗುಳವಾಯಿತು. ಮೈಮುರಿದು ದುಡಿದರೆ ಮಾತ್ರ ಬದುಕು ಎಂದು ನಂಬಿ ಬಂದವರ ನಡುವೆ ಸುಮ್ಮನೆ ತಿರುಗುವವನ ಬೆಲೆ ಇಳಿದದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ಆ ಅರ್ಥ ಎಷ್ಟು ಬಳಕೆಯಲ್ಲಿತ್ತು ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಒಂದು ನಾಯಿ ಸಾಕ್ಷಿ. 1860ರ ದಶಕದ ಆರಂಭದಲ್ಲಿ ಅಲ್ಲಿ ಯಾರ ಮನೆಗೂ ಸೇರದ ಕಪ್ಪು–ಬಿಳಿ ನಾಯಿಯೊಂದಿತ್ತು. ಸಾರಾಯಿ ಅಂಗಡಿಗಳ ಬಾಗಿಲಲ್ಲಿ ನಿಂತು ಗಿರಾಕಿಗಳಿಂದ ತುಣುಕು ಗಿಟ್ಟಿಸುತ್ತಿದ್ದ ಅದಕ್ಕೆ ಊರವರು ಇಟ್ಟ ಹೆಸರೇ ಬಮ್ಮರ್. ಅದಕ್ಕೆ ಲಾಜರಸ್ ಎಂಬ ಇನ್ನೊಂದು ಬೀದಿನಾಯಿ ಜೊತೆಯಾಯಿತು. ಎರಡೂ ಸೇರಿ ಇಲಿ ಹಿಡಿಯುವುದರಲ್ಲಿ ಎಂಥ ಹೆಸರು ಮಾಡಿದವೆಂದರೆ ಪತ್ರಿಕೆಗಳು ಅವುಗಳ ದಿನಚರಿಯನ್ನೇ ಸುದ್ದಿ ಮಾಡುತ್ತಿದ್ದವು. 1862ರಲ್ಲಿ ನಾಯಿ ಹಿಡಿಯುವವನು ಲಾಜರಸ್‌ನನ್ನು ಕೊಂಡೊಯ್ದಾಗ ಜನ ದೊಡ್ಡ ಗಲಾಟೆ ಎಬ್ಬಿಸಿ ಬಿಡಿಸಿಕೊಂಡು ಬಂದರು. 1865ರ ನವೆಂಬರಿನಲ್ಲಿ ಬಮ್ಮರ್ ಸತ್ತಾಗ ನಿಧನವಾರ್ತೆ ಬರೆದವನು ಆಗಿನ್ನೂ ಎಳೆಯ ಪತ್ರಕರ್ತನಾಗಿದ್ದ ಮಾರ್ಕ್ ಟ್ವೇನ್. ವಯಸ್ಸು, ಗೌರವ, ಕಾಯಿಲೆ, ಚಿಗಟ ಎಲ್ಲವೂ ತುಂಬಿ ತೀರಿಕೊಂಡಿತು ಎಂದು ಆತ ಬರೆದ. ಒಂದು ಭಿಕ್ಷುಕ ನಾಯಿಯನ್ನು ಊರು ಹೀಗೆ ಹಚ್ಚಿಕೊಂಡಿತೆಂದರೆ, ಆ ಪದದಲ್ಲಿ ಹಳೆಯ ಉಂಡಾಡಿಯ ಸಲಿಗೆ ಇನ್ನೂ ಸ್ವಲ್ಪ ಉಳಿದಿತ್ತು ಎಂದೇ ನಾನು ಓದುತ್ತೇನೆ. ಪಶ್ಚಿಮ ಅಮೆರಿಕದ ಕುರಿಗಾಹಿಗಳು ಇವತ್ತಿಗೂ ತಾಯಿ ಸತ್ತ ಅಥವಾ ತಾಯಿ ಹತ್ತಿರ ಸೇರಿಸದ ತಬ್ಬಲಿ ಮರಿಯನ್ನು ‘ಬಮ್ಮರ್’ ಎನ್ನುತ್ತಾರೆ. ಸಿಕ್ಕ ಕುರಿಯ ಕೆಚ್ಚಲಿಗೆಲ್ಲ ಬಾಯಿಡುತ್ತ ಹಾಲು ಬೇಡುವ ಮರಿ ಎಂದು.

ಅದೇ ವರ್ಷಗಳಲ್ಲಿ ದೇಶದ ಇನ್ನೊಂದು ಮೂಲೆಯಲ್ಲಿ ಈ ಪದ ಹೆದರಿಕೆ ಹುಟ್ಟಿಸುತ್ತಿತ್ತು. ಅಮೆರಿಕದ ಉತ್ತರ–ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಕೊನೆಯ ಹಂತದಲ್ಲಿ, 1864ರ ನವೆಂಬರ್ ಮಧ್ಯದಲ್ಲಿ, ಉತ್ತರದ ಸೇನಾಪತಿ ವಿಲಿಯಂ ಷರ್ಮನ್ ಸುಮಾರು 60,000 ಸೈನಿಕರೊಂದಿಗೆ ಅಟ್ಲಾಂಟಾದಿಂದ ಸಮುದ್ರತೀರದ ಸವಾನಾಕ್ಕೆ ಹೊರಟ. ಹಿಂದಿನಿಂದ ದವಸ ತರಿಸುವ ದಾರಿಯನ್ನು ತಾನೇ ಕಡಿದುಕೊಂಡು ಹೊರಟಿದ್ದ. ಹಾದಿಯಲ್ಲಿ ಸಿಕ್ಕಿದ್ದರಲ್ಲೇ ಸೈನ್ಯದ ಹೊಟ್ಟೆ ತುಂಬಬೇಕು. ಹೊರಡುವ ಮುಂಚೆ ನವೆಂಬರ್ 9ರಂದು ಹೊರಡಿಸಿದ ಆಜ್ಞೆಯಲ್ಲಿ, ಸೈನ್ಯ ಈ ನಾಡಿನಿಂದ ಧಾರಾಳವಾಗಿ ಮೇವು–ದವಸ ಸಂಗ್ರಹಿಸಿಕೊಳ್ಳಬೇಕು ಎಂದಿತ್ತು. ಆದರೆ ಅದಕ್ಕೆಂದೇ ನೇಮಿಸಿದ ತಂಡಗಳು ಮಾತ್ರ ಹೋಗಬೇಕು, ಮನೆಯೊಳಗೆ ಕಾಲಿಡಬಾರದು ಎಂಬ ಕಟ್ಟಳೆಯೂ ಇತ್ತು. ಕಟ್ಟಳೆ ಎಷ್ಟು ದಿನ ನಿಂತೀತು? ಬೆಳಿಗ್ಗೆ ಕಾಲ್ನಡಿಗೆಯಲ್ಲಿ ಹೋದವರು ಸಂಜೆಗೆ ಯಾರದೋ ಕುದುರೆ, ಹೇಸರಗತ್ತೆ, ಸಾರೋಟಿನ ಮೇಲೆ ಹಂದಿಮಾಂಸ, ಜೋಳದ ಹಿಟ್ಟು, ಕೋಳಿ ಹೇರಿಕೊಂಡು ಮರಳುತ್ತಿದ್ದರು. ಇವರಿಗೆ ಬಿದ್ದ ಹೆಸರು ‘ಬಮ್ಮರ್ಸ್’.

ಷರ್ಮನ್ ತನ್ನ ನೆನಪುಗಳಲ್ಲಿ ಒಂದು ದೃಶ್ಯ ಬರೆದಿಟ್ಟಿದ್ದಾನೆ. ದಕ್ಷಿಣದ ಜಾರ್ಜಿಯಾ ರಾಜ್ಯದ ಕೋವಿಂಗ್ಟನ್ ಹತ್ತಿರ ಒಬ್ಬ ಸೈನಿಕ ಅವನ ಮುಂದೆಯೇ ಹಾದುಹೋಗುತ್ತಾನೆ. ಬಂದೂಕಿಗೆ ಹಂದಿಯ ತೊಡೆ ಸಿಕ್ಕಿಸಿದ್ದಾನೆ, ಕಂಕುಳಲ್ಲಿ ಕಾಕಂಬಿಯ ಹೂಜಿ, ಕೈಯಲ್ಲಿ ದೊಡ್ಡದೊಂದು ಜೇನುಹುಟ್ಟಿನ ತುಂಡು, ಅದನ್ನು ಕಚ್ಚಿ ತಿನ್ನುತ್ತಲೇ ನಡೆಯುತ್ತಿದ್ದಾನೆ. ಸೇನಾಪತಿಯ ಕಣ್ಣಿಗೆ ಕಣ್ಣು ಕೂಡಿದಾಗ, ಜೊತೆಯವನಿಗೆ ಹೇಳಿದಂತೆ ಮೆಲ್ಲಗೆ ಅವನ ಆಜ್ಞೆಯ ಮಾತನ್ನೇ ಒಪ್ಪಿಸಿದ: ನಾಡಿನಿಂದ ಧಾರಾಳವಾಗಿ ಸಂಗ್ರಹಿಸಿಕೊಳ್ಳಿ! ಷರ್ಮನ್ ಅವನನ್ನು ಗದರಿಸಿ, ನೇಮಿಸಿದ ತಂಡದವರಿಗೆ ಮಾತ್ರ ಆ ಅಧಿಕಾರ ಎಂದು ತಿಳಿಹೇಳಿದನಂತೆ. ಡಿಸೆಂಬರ್ 21ಕ್ಕೆ ಸವಾನಾ ಕೈಗೆ ಬಂತು. ಜಾರ್ಜಿಯಾಕ್ಕೆ ಆದ ಹಾನಿ ಹತ್ತು ಕೋಟಿ ಡಾಲರ್, ಅದರಲ್ಲಿ ಸೈನ್ಯಕ್ಕೆ ಉಪಯೋಗವಾದದ್ದು ಎರಡು ಕೋಟಿ, ಉಳಿದದ್ದು ಬರೀ ನಾಶ ಎಂದು ಅವನೇ ಅಂದಾಜು ಕೊಟ್ಟ. ಉಗ್ರಾಣ ಬರಿದಾಗಿ ಚಳಿಗಾಲ ಎದುರಿಸಿದ ಕುಟುಂಬಗಳಿಗೆ, ಬಿಳಿಯರಿಗೂ ಅವರ ಜೀತದಲ್ಲಿದ್ದ ಕಪ್ಪು ಜನರಿಗೂ, ಈ ಪದ ಏನಾಗಿತ್ತು ಎಂಬುದನ್ನು ಮರೆಯಬಾರದು. ಸೈನಿಕರು ಮಾತ್ರ ಅದನ್ನು ಬಿರುದಿನಂತೆ ಹೊತ್ತರು. 1865ರ ಮೇ 24ರಂದು ವಾಷಿಂಗ್ಟನ್ನಿನ ವಿಜಯ ಮೆರವಣಿಗೆಯಲ್ಲಿ ಷರ್ಮನ್ನನ ಪಡೆ ಸಾಗಿದಾಗ, ಮಾಂಸ, ಕೋಳಿ ಹೇರಿದ ಹೇಸರಗತ್ತೆಗಳೊಂದಿಗೆ ಬಮ್ಮರುಗಳೂ ನಡೆದರು.

ಯುದ್ಧ ಮುಗಿದು ಊರಿಗೆ ಮರಳಿದ ಸೈನಿಕರೊಂದಿಗೆ ಪದ ದೇಶದ ಮೂಲೆ ಮೂಲೆ ಸೇರಿತು. ಇಷ್ಟರಲ್ಲಿ ಅದರೊಳಗೆ ಒಂದು ಬದಲಾವಣೆ ಆಗಿತ್ತು. ಇಂಗ್ಲಿಷ್ ಕಿವಿಗೆ ‘ಫಾರ್ಮ್’ ಮಾಡುವವನು ‘ಫಾರ್ಮರ್’, ಹಾಗಾದರೆ ‘ಬಮ್ಮರ್’ ಎಂದರೆ ‘ಬಮ್’ ಮಾಡುವವನು. ಹೀಗೆ ಕೊನೆಯ ತುಂಡನ್ನು ಕತ್ತರಿಸಿ ‘ಬಮ್’ ಎಂಬ ಹೊಸ ಪದವನ್ನೇ ಹುಟ್ಟಿಸಿಕೊಂಡರು. ಸೋಮಾರಿ ಭಿಕ್ಷುಕ ಎಂಬ ಅಮೆರಿಕದ ‘ಬಮ್’ ಇದು. ಇದರ ವಂಶ ದೊಡ್ಡದು: ಯಾರಿಂದಲೋ ಸಿಗರೇಟನ್ನೋ ಕಾರಿನಲ್ಲಿ ಜಾಗವನ್ನೋ ಗಿಟ್ಟಿಸಿದರೆ ‘ಬಮ್’ ಮಾಡಿದ್ದು, ಸಮುದ್ರತೀರದಲ್ಲೇ ಬಿದ್ದಿರುವವನು ‘ಬೀಚ್ ಬಮ್’, ಕೆಲಸವಿಲ್ಲದೆ ಸುತ್ತುವುದು ‘ಬಮ್ಮಿಂಗ್ ಅರೌಂಡ್’.

ನನ್ನ ದೃಷ್ಟಿಯಲ್ಲಿ ಕಥೆ ತಿರುಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ‘ಬಮ್’ ವಿಶೇಷಣವಾಯಿತು. ಕೆಲಸಕ್ಕೆ ಬಾರದ ಮನುಷ್ಯನ ಹೆಸರು ಕೆಲಸಕ್ಕೆ ಬಾರದ ಯಾವುದಕ್ಕೂ ಸಲ್ಲತೊಡಗಿತು. ಮಾಡದ ತಪ್ಪಿಗೆ ಹೊರಿಸಿದ ಆರೋಪ ‘ಬಮ್ ರ‍್ಯಾಪ್’. ತಪ್ಪು ದಾರಿ ತೋರಿಸಿದರೆ ‘ಬಮ್ ಸ್ಟಿಯರ್’. ನೋವು ಕೊಟ್ಟು ನಡೆಯಲು ಬಿಡದ ಕಾಲು ‘ಬಮ್ ಲೆಗ್’, ನಿಮ್ಮದು ‘ಬಮ್ ನೀ’. ಮನುಷ್ಯನ ಮೇಲಿದ್ದ ಆಪಾದನೆ ಇಲ್ಲಿ ವಸ್ತುವಿಗೆ ವರ್ಗವಾಗಿದೆ. ಮೊಣಕಾಲು ಸೋಮಾರಿಯಾಗಿದೆಯೇ ಹೊರತು ಅದರ ಯಜಮಾನರಲ್ಲ. ಅಳಿಯಂದಿರ ಮಾತನ್ನು ನೀವು ಹೀಗೆ ತೆಗೆದುಕೊಳ್ಳಬೇಕು.

ಈಗ 1960ರ ದಶಕದ ಕ್ಯಾಲಿಫೋರ್ನಿಯಾ. ಹೆಲ್ಸ್ ಏಂಜಲ್ಸ್ ಎಂಬ ಬೈಕ್ ತಂಡದವರು ಸವಾರಿ ಕೆಟ್ಟು ಹೋದರೆ, ಗಾಡಿ ಕೈಕೊಟ್ಟರೆ ಅದನ್ನು ‘ಬಮ್ಮರ್’ ಎನ್ನುತ್ತಿದ್ದರು ಎಂದು ಆ ಲೋಕವನ್ನು ಹತ್ತಿರದಿಂದ ಕಂಡು 1968ರಲ್ಲಿ ಬರೆದ ಪತ್ರಕರ್ತ ಟಾಮ್ ವುಲ್ಫ್ ಹೇಳುತ್ತಾನೆ. ಅವರಿಂದ ಅದು ಎಲ್‌ಎಸ್‌ಡಿ ಸೇವಿಸುತ್ತಿದ್ದ ಹಿಪ್ಪಿಗಳ ಬಾಯಿಗೆ ಬಂತು. ಅವರ ಮಾತಿನಲ್ಲಿ ಆ ಮಾದಕದ ಅನುಭವವೇ ಒಂದು ‘ಟ್ರಿಪ್’, ಪ್ರಯಾಣ. ಕೆಲವರಿಗೆ ಅದು ಗಂಟೆಗಟ್ಟಲೆ ಬಿಡದ ಭಯ, ಭ್ರಮೆಯಾಗಿ ತಿರುಗುತ್ತಿತ್ತು. ಹಾಗಾದರೆ ‘ಬಮ್ ಟ್ರಿಪ್’, ಚುಟುಕಾಗಿ ‘ಬಮ್ಮರ್’. ಕ್ಯಾಲಿಫೋರ್ನಿಯಾ 1966ರ ಅಕ್ಟೋಬರಿನಲ್ಲಿ ಎಲ್‌ಎಸ್‌ಡಿಯನ್ನು ನಿಷೇಧಿಸಿತು. ಮರುವರ್ಷದ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೇಟ್–ಆಷ್‌ಬರಿ ಬಡಾವಣೆಗೆ ದೇಶದೆಲ್ಲೆಡೆಯಿಂದ ಹುಡುಗ ಹುಡುಗಿಯರು ಬಂದು ತುಂಬಿಕೊಂಡರು. 1969ರ ಆಗಸ್ಟ್‌ನ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ, ಅಲ್ಲಿ ಹರಿದಾಡುತ್ತಿರುವ ಕಂದುಬಣ್ಣದ ಎಲ್‌ಎಸ್‌ಡಿ ಅಷ್ಟು ಒಳ್ಳೆಯದಲ್ಲ, ದೂರವಿರಿ ಎಂದು ವೇದಿಕೆಯ ಮೈಕಿನಿಂದಲೇ ಎಚ್ಚರಿಸಬೇಕಾಯಿತು. ಭ್ರಮೆಗೆ ಸಿಕ್ಕವರನ್ನು ಕೂರಿಸಿ, ಕೈಹಿಡಿದು ಸಮಾಧಾನ ಮಾಡಲೆಂದೇ ಅಲ್ಲಿ ಡೇರೆಗಳಿದ್ದವು.

ಹಾಗಾಗಿ ನಿಮ್ಮ ಮೊಮ್ಮಗನ ಪದ ಹಳೆಯ ಉಂಡಾಡಿಯ ನೇರ ಮಗನಲ್ಲ. ‘ಬಮ್ಮರ್’ನಿಂದ ‘ಬಮ್’ ಕತ್ತರಿಸಿಕೊಂಡದ್ದು, ಆ ‘ಬಮ್’ಗೆ ‘ಕೆಟ್ಟದ್ದು’ ಎಂಬ ಅರ್ಥ ಬಂದದ್ದು, ನೂರು ವರ್ಷದ ನಂತರ ಅದಕ್ಕೇ ಹಳೆಯ ಬಾಲವನ್ನು ಮತ್ತೆ ಅಂಟಿಸಿ ‘ಕೆಟ್ಟ ಅನುಭವ’ ಎಂಬ ಪದ ಮಾಡಿಕೊಂಡದ್ದು. ರೂಪ ಅದೇ, ಹುಟ್ಟು ಎರಡು. ನಿಘಂಟು ಓದುವಾಗ ಇಂಥ ಪದಗಳು ಸಿಕ್ಕರೆ ನನಗೆ ಬಹಳ ಸಂತೋಷವಾಗುತ್ತದೆ.

ಮಾದಕದ ನಂಟು ಬೇಗ ಕಳಚಿತು. 1970ರ ದಶಕದಿಂದ ಸರ್ಫಿಂಗ್ ಹುಡುಗರು, ಕಾಲೇಜು ವಿದ್ಯಾರ್ಥಿಗಳು, ಟಿವಿ ಧಾರಾವಾಹಿಗಳು ಅದನ್ನು ಎಲ್ಲರ ಪದ ಮಾಡಿದವು. ನಾವು ‘ತಲೆಕೆಟ್ಟು ಹೋಯ್ತು’ ಎನ್ನುವಾಗ ಹುಚ್ಚಿನ ವಿಚಾರ ಯಾರ ಮನಸ್ಸಿನಲ್ಲೂ ಇರುವುದಿಲ್ಲವಲ್ಲ, ಹಾಗೆಯೇ ಇವತ್ತು ‘ಬಮ್ಮರ್’ ಎನ್ನುವ ಮಗುವಿಗೆ ಎಲ್‌ಎಸ್‌ಡಿಯ ಗಂಧಗಾಳಿಯೂ ಇರುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ ಮಕ್ಕಳು ಆಡುವ, ದೊಡ್ಡವರು ತಡೆಯದ ಪದ ಅದು.

ಬಳಸುವ ಬಗೆ ಹೇಳುತ್ತೇನೆ, ಏಕೆಂದರೆ ಅಮೆರಿಕದಲ್ಲಿರುವ ನಮ್ಮವರೂ ಎಡವುವುದು ಇಲ್ಲಿಯೇ. ಸುದ್ದಿ ಕೇಳಿದ ಕೂಡಲೇ ಉದ್ಗಾರವಾಗಿ ಬರೀ ‘ಬಮ್ಮರ್!’ ಎನ್ನಬಹುದು. ‘ವಾಟ್ ಎ ಬಮ್ಮರ್’, ‘ದಟ್ಸ್ ಎ ಬಮ್ಮರ್’ ಎಂದೂ ಆಗುತ್ತದೆ. ಬೇಜಾರಾದವನು ತನ್ನ ಬಗ್ಗೆ ಹೇಳಿಕೊಳ್ಳುವುದಾದರೆ ‘ಐ ಆಮ್ ಬಮ್ಡ್’ ಅಥವಾ ‘ಬಮ್ಡ್ ಔಟ್’. ‘ಯೂ ಆರ್ ಎ ಬಮ್ಮರ್’ ಎಂದರೆ ಮಾತ್ರ ಎದುರಿಗಿರುವವನು ಎಲ್ಲರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದಾನೆ ಎಂದಾಗುತ್ತದೆ, ಅದನ್ನು ಹಿರಿಯರಿಗೆ ಅನ್ನುವುದಿಲ್ಲ. ನಿರಾಸೆಯ ಅಳತೆ ಸಣ್ಣದೋ ಮಧ್ಯಮವೋ ಆಗಿರಬೇಕು: ಮಳೆ ಬಂದು ಪಂದ್ಯ ನಿಂತದ್ದು, ಟಿಕೆಟ್ ಮುಗಿದುಹೋದದ್ದು, ವೀಸಾ ಸಂದರ್ಶನ ಮುಂದಕ್ಕೆ ಹೋದದ್ದು, ತಾತನ ಪ್ರಯಾಣ ರದ್ದಾದದ್ದು. ಸಾವು, ದೊಡ್ಡ ಕಾಯಿಲೆ, ಅಪಘಾತದ ಸುದ್ದಿಗೆ ಇದನ್ನು ಆಡಿದರೆ ಕೇಳಿದವರ ಮನಸ್ಸಿಗೆ ಖಂಡಿತ ಚುಚ್ಚುತ್ತದೆ. ಅಲ್ಲಿ ‘ಐ ಆಮ್ ಸೋ ಸಾರಿ’ ಎಂಬ ನೇರ ಮಾತೇ ಸರಿ. ಕೆಲಸ ಕಳೆದುಕೊಂಡ ಗೆಳೆಯನಿಗೂ ನಾನು ಇದನ್ನು ಹೇಳುವುದಿಲ್ಲ, ಹಗುರವಾಗಿ ಕೇಳಿಸುತ್ತದೆ. ಅರ್ಜಿ, ಕಚೇರಿಯ ಪತ್ರಗಳಲ್ಲಂತೂ ಬೇಡವೇ ಬೇಡ.

ಬ್ರಿಟನ್ನಿನಲ್ಲಿ ಸ್ವಲ್ಪ ಹುಷಾರಾಗಿರಬೇಕು. ಅಮೆರಿಕದ ಸಿನಿಮಾ, ಟಿವಿಗಳಿಂದಾಗಿ ಅರ್ಥ ಅಲ್ಲೂ ಎಲ್ಲರಿಗೆ ಗೊತ್ತು. ಆದರೆ ಅದೇ ರೂಪ ಅಲ್ಲಿನ ಒರಟು ಮಾತಿನಲ್ಲಿ ಸಲಿಂಗಿಗಳನ್ನು ಹೀಯಾಳಿಸಲೂ ಬಳಕೆಯಾಗಿದೆ, ಆದ್ದರಿಂದ ಯಾರನ್ನೂ ಬೊಟ್ಟುಮಾಡಿ ಆ ಪದ ಆಡಬಾರದು. ನಿರಾಸೆಗೆ ಬ್ರಿಟಿಷರು ಹೆಚ್ಚಾಗಿ ಆಡುವುದು ‘ಗಟೆಡ್’. ಮೀನಿನ ಕರುಳು ಬಗೆದು ತೆಗೆಯುವುದರಿಂದ ಬಂದ ಪದ, ನಮ್ಮಲ್ಲಿ ಕರುಳು ಕಿತ್ತು ಬಂದಂತಾಯಿತು ಎನ್ನುವಷ್ಟು ತೂಕದ್ದು. ತಮ್ಮ ಫುಟ್‌ಬಾಲ್ ತಂಡ ಫೈನಲ್‌ನಲ್ಲಿ ಸೋತರೆ ಅವರು ‘ಗಟೆಡ್’, ಪಂದ್ಯದ ದಿನ ರೈಲು ತಡವಾದರೆ ‘ಬಮ್ಮರ್’.

ಉಚ್ಚಾರಣೆಯ ಬಗ್ಗೆ ಒಂದು ಮಾತು. ‘ಬಮ್ಮರ್’ನ ಮೊದಲ ಅಕ್ಷರ ನಮ್ಮ ‘ಬಳೆ’ಯ ‘ಬ’ದ ಹಾಗೆ ಹ್ರಸ್ವ. ಅದನ್ನು ‘ಬಾಮರ್’ ಎಂದು ಎಳೆದರೆ ಅಮೆರಿಕನ್ನರ ಕಿವಿಗೆ ಬಾಂಬು ಹಾಕುವವನು, ಬಾಂಬು ಹಾಕುವ ವಿಮಾನ ಎಂದು ಕೇಳಿಸುತ್ತದೆ. ಆ ಪದದ ಕಾಗುಣಿತದಲ್ಲಿ ನಡುವೆ ‘ಬಿ’ ಅಕ್ಷರವಿದ್ದರೂ ಅವರು ಅದನ್ನು ಉಚ್ಚರಿಸುವುದಿಲ್ಲ. ಮೊಣಕಾಲು ವಾಸಿಯಾಗಿ ನೀವು ಹೊರಟಾಗ, ವಿಮಾನ ತಡವಾಯಿತೆಂದು ತಪಾಸಣೆಯ ಸಾಲಿನಲ್ಲಿ ನಿಂತು ಈ ಪದ ಆಡಬೇಡಿ. ಅಲ್ಲಿ ‘ಟೂ ಬ್ಯಾಡ್’ ಎಂದರೆ ಸಾಕು.